ಆಕಾರ, ಗಾತ್ರ ಮತ್ತು ಸಾಂದ್ರತೆ: ಕೊಡಗಿನ ಶಾಲೆ, ಕಣ, ಅಡುಗೆಮನೆಗಳಿಂದ ಬರುವ ಪ್ರಶ್ನೆಗಳು

ಪ್ರೌಢಶಾಲೆಯಲ್ಲಿ ಸಾಂದ್ರತೆಯ ಪಾಠ ಒಂದೆರಡು ಪೀರಿಯಡ್‌ಗಳಲ್ಲಿ ಮುಗಿಯುತ್ತದೆ. ಪ್ರಶ್ನೆಗಳು ಮುಗಿಯುವುದಿಲ್ಲ. ಮಕ್ಕಳು ಕೇಳುತ್ತಾರೆ, ಪೋಷಕರ ಸಭೆಗೆ ಬಂದವರು ಕೇಳುತ್ತಾರೆ, ಗೋಣಿಕೊಪ್ಪದಲ್ಲಿ ಕಾಳುಮೆಣಸು ಮಾರಿ ಬಂದ ಬೆಳೆಗಾರರು ಕೇಳುತ್ತಾರೆ. ವಿಜ್ಞಾನ ಕಲಿಸುವ ನನಗೆ ಈ ಪ್ರಶ್ನೆಗಳು ಪಾಠಕ್ಕಿಂತ ಹೆಚ್ಚು ಪ್ರಿಯ. ಪದೇ ಪದೇ ಬರುವವನ್ನು ಇಲ್ಲಿ ಉತ್ತರದೊಂದಿಗೆ ಕೊಟ್ಟಿದ್ದೇನೆ.

ಪ್ರಶ್ನೆ: ವಸ್ತುವಿನ ಆಕಾರ ಅಥವಾ ಗಾತ್ರ ಬದಲಾದರೆ ಅದರ ಸಾಂದ್ರತೆ ಬದಲಾಗುತ್ತದೆಯೇ?

ಇಲ್ಲ. ಕಬ್ಬಿಣದ ಸಾಂದ್ರತೆ ಘನ ಸೆಂಟಿಮೀಟರಿಗೆ ಸುಮಾರು 7.9 ಗ್ರಾಂ. ಅದು ಗುಂಡಾಗಿರಲಿ, ತಂತಿಯಾಗಿರಲಿ, ತಗಡಾಗಿರಲಿ, ಉಗುರಿನಷ್ಟಿರಲಿ, ಆಳೆತ್ತರ ಇರಲಿ, ಈ ಸಂಖ್ಯೆ ಅಲುಗುವುದಿಲ್ಲ. ಅಲ್ಯೂಮಿನಿಯಂ 2.7, ತಾಮ್ರ 8.96, ಬೆಳ್ಳಿ 10.5, ಸೀಸ 11.3, ಚಿನ್ನ 19.3. ಪರಮಾಣುಗಳು ಎಷ್ಟು ಭಾರ, ಎಷ್ಟು ಒತ್ತಾಗಿ ಜೋಡಣೆಗೊಂಡಿವೆ ಎಂಬ ಎರಡೇ ಸಂಗತಿಗಳು ಇದನ್ನು ನಿರ್ಧರಿಸುತ್ತವೆ. ಹೊರಗಿನ ಅಂಚು ಎಲ್ಲಿ ಮುಗಿಯುತ್ತದೆ ಎಂಬುದು ಒಳಗಿನ ಜೋಡಣೆಗೆ ಗೊತ್ತೇ ಆಗುವುದಿಲ್ಲ.

ಈ ಉತ್ತರಕ್ಕೆ ಒಂದು ಷರತ್ತಿದೆ: ನಾವು ಅಳೆಯುತ್ತಿರುವುದು ಆ ಪದಾರ್ಥವನ್ನೇ ಆಗಿರಬೇಕು, ಅದರ ನಡುವೆ ಸೇರಿಕೊಂಡ ಗಾಳಿಯನ್ನೂ ಸೇರಿಸಿ ಅಲ್ಲ. ಕೆಳಗಿನ ಗೊಂದಲಗಳಲ್ಲಿ ಹೆಚ್ಚಿನವು ಹುಟ್ಟುವುದು ಈ ಗಾಳಿಯ ಲೆಕ್ಕ ತಪ್ಪಿದಾಗ.

ಪ್ರಶ್ನೆ: ಸೂತ್ರದಲ್ಲಿ ಘನಫಲ ಛೇದದಲ್ಲಿದೆ. ಹಾಗಾದರೆ ಘನಫಲ ಹೆಚ್ಚಿದಂತೆ ಸಾಂದ್ರತೆ ಕಡಿಮೆಯಾಗಬೇಕಲ್ಲವೇ?

ತರಗತಿಯಲ್ಲಿ ಚೆನ್ನಾಗಿ ಯೋಚಿಸುವ ಮಕ್ಕಳೇ ಕೇಳುವ ಪ್ರಶ್ನೆ ಇದು. ಸಾಂದ್ರತೆ ಎಂದರೆ ದ್ರವ್ಯರಾಶಿಯನ್ನು ಘನಫಲದಿಂದ ಭಾಗಿಸಿದಾಗ ಬರುವ ಸಂಖ್ಯೆ. ಛೇದ ದೊಡ್ಡದಾದರೆ ಭಾಗಲಬ್ಧ ಚಿಕ್ಕದಾಗುತ್ತದೆ, ನಿಜ. ಆದರೆ ಅಂಶ ಇದ್ದಲ್ಲೇ ಇದ್ದರೆ ಮಾತ್ರ. ದೊಡ್ಡ ತುಂಡು ತೆಗೆದುಕೊಂಡಾಗ ಎರಡೂ ಒಟ್ಟಿಗೆ ಬೆಳೆಯುತ್ತವೆ. 10 ಘನ ಸೆಂಟಿಮೀಟರ್ ಕಬ್ಬಿಣ 79 ಗ್ರಾಂ ತೂಗುತ್ತದೆ, 20 ಘನ ಸೆಂಟಿಮೀಟರ್ ಕಬ್ಬಿಣ 158 ಗ್ರಾಂ. ಎರಡನ್ನೂ ಭಾಗಿಸಿ ನೋಡಿ, 7.9 ಬರುತ್ತದೆ.

ಕಾಫಿಯ ದರವನ್ನು 50 ಕಿಲೋ ಚೀಲಕ್ಕೆ ಇಷ್ಟು ಎಂದು ಹೇಳುತ್ತೇವಲ್ಲ, ಹಾಗೆ. ಹತ್ತು ಚೀಲ ಮಾರಿದರೂ ನೂರು ಚೀಲ ಮಾರಿದರೂ ಆ ದಿನದ ದರ ಅದೇ. ಕೈಗೆ ಬರುವ ಹಣ ಮಾತ್ರ ಬೇರೆ. ಸಾಂದ್ರತೆ ದರವಿದ್ದಂತೆ, ದ್ರವ್ಯರಾಶಿ ಹಣವಿದ್ದಂತೆ.

ಪ್ರಶ್ನೆ: ಕಾಫಿ ಬೀಜ ಹುರಿದಾಗ ಉಬ್ಬುತ್ತದೆ, ಹಗುರವೂ ಆಗುತ್ತದೆ. ಇಲ್ಲಿ ಗಾತ್ರ ಬದಲಾಗಿದ್ದಕ್ಕೇ ಸಾಂದ್ರತೆ ಬದಲಾಯಿತಲ್ಲವೇ?

ಸಾಂದ್ರತೆ ಬದಲಾಗಿದ್ದು ನಿಜ, ಗಣನೀಯವಾಗಿಯೇ. ಹುರಿಯುವಾಗ ಬೀಜದ ತೇವಾಂಶ ಆವಿಯಾಗಿ, ಕೆಲವು ಘಟಕಗಳು ಅನಿಲವಾಗಿ ಹೊರಹೋಗುತ್ತವೆ. ತೂಕದಲ್ಲಿ ಸಾಮಾನ್ಯವಾಗಿ ಶೇಕಡಾ 15ರಿಂದ 20ರಷ್ಟು ಕಳೆದುಹೋಗುತ್ತದೆ. ಅದೇ ಹೊತ್ತಿಗೆ ಒಳಗಿನ ಅನಿಲದ ಒತ್ತಡಕ್ಕೆ ಬೀಜ ಹಿಗ್ಗಿ, ಒಳಗೆಲ್ಲ ಸಣ್ಣ ಸಣ್ಣ ರಂಧ್ರಗಳಾಗುತ್ತವೆ. ಅಂಶ ಇಳಿಯಿತು, ಛೇದ ಏರಿತು. ಬಾಣಲೆಯಿಂದ ಇಳಿದದ್ದು ಗಾತ್ರ ಹೆಚ್ಚಿಸಿಕೊಂಡ ಹಳೆಯ ಬೀಜವಲ್ಲ. ರಾಸಾಯನಿಕವಾಗಿಯೂ ಒಳರಚನೆಯಲ್ಲಿಯೂ ಅದು ಬೇರೆಯೇ ಪದಾರ್ಥ.

ಗಾತ್ರ ಎರಡು ರೀತಿಯಲ್ಲಿ ಹೆಚ್ಚುತ್ತದೆ. ಇದ್ದ ಪದಾರ್ಥಕ್ಕೆ ಅದೇ ಪದಾರ್ಥವನ್ನು ಇನ್ನಷ್ಟು ಸೇರಿಸುವುದು ಒಂದು, ಇದ್ದಷ್ಟೇ ಪದಾರ್ಥ ಉಬ್ಬುವುದು ಇನ್ನೊಂದು. ಮೊದಲನೆಯದರಲ್ಲಿ ಸಾಂದ್ರತೆ ಬದಲಾಗದು, ಎರಡನೆಯದರಲ್ಲಿ ಬದಲಾಗುತ್ತದೆ. ಪ್ರಶ್ನೆಪತ್ರಿಕೆಯಲ್ಲಿ "ಗಾತ್ರ ಹೆಚ್ಚಾದಾಗ" ಎಂದಷ್ಟೇ ಬರೆದು ಬಿಟ್ಟರೆ ಮಕ್ಕಳು ಗೊಂದಲಕ್ಕೆ ಬೀಳುವುದು ಸಹಜ, ತಪ್ಪು ಪ್ರಶ್ನೆಯದು.

ಪ್ರಶ್ನೆ: ಒಂದು ತುಂಡನ್ನು ಎರಡಾಗಿ ಕತ್ತರಿಸಿದರೆ?

ದ್ರವ್ಯರಾಶಿಯೂ ಅರ್ಧ, ಘನಫಲವೂ ಅರ್ಧ, ಸಾಂದ್ರತೆ ಪೂರ್ತಿ ಮೊದಲಿನದೇ.

ಪ್ರಶ್ನೆ: ಹೊಳೆಯಲ್ಲಿ ಸಿಗುವ ಕಲ್ಲಿನಂಥ ಅಡ್ಡಾದಿಡ್ಡಿ ಆಕಾರದ ವಸ್ತುವಿನ ಸಾಂದ್ರತೆಯನ್ನು ಮನೆಯಲ್ಲಿ ಅಳೆಯುವುದು ಹೇಗೆ?

ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು; ಅಳತೆಯ ಜಾಡಿಗಿಂತ ಇದೇ ನಿಖರ. ಮೊದಲು ಒಣ ಕಲ್ಲನ್ನು ತೂಗಿ. ಆಮೇಲೆ ಅಗಲ ಬಾಯಿಯ ಪಾತ್ರೆಯಲ್ಲಿ ಮುಕ್ಕಾಲು ಭಾಗ ನೀರು ತುಂಬಿ ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ಕಲ್ಲನ್ನು ತೆಳ್ಳಗಿನ ದಾರಕ್ಕೆ ಕಟ್ಟಿ, ಪೂರ್ತಿ ಮುಳುಗುವಂತೆ ಆದರೆ ತಳವನ್ನೂ ಪಕ್ಕವನ್ನೂ ತಾಗದಂತೆ, ಕೈಯಲ್ಲಿ ಹಿಡಿದು ನೀರಿಗೆ ಇಳಿಬಿಡಿ. ತಕ್ಕಡಿ ಈಗ ಎಷ್ಟು ಗ್ರಾಂ ತೋರಿಸುತ್ತದೋ ಕಲ್ಲಿನ ಘನಫಲ ಅಷ್ಟೇ ಘನ ಸೆಂಟಿಮೀಟರ್. ಮುಳುಗಿದ ವಸ್ತುವನ್ನು ನೀರು ಎಷ್ಟು ಬಲದಿಂದ ಮೇಲಕ್ಕೆ ತಳ್ಳುತ್ತದೋ ಅಷ್ಟೇ ಬಲದಿಂದ ವಸ್ತು ನೀರನ್ನು ಕೆಳಕ್ಕೆ ತಳ್ಳುತ್ತದೆ. ಆ ಬಲ, ವಸ್ತು ಪಕ್ಕಕ್ಕೆ ಸರಿಸಿದ ನೀರಿನ ತೂಕಕ್ಕೆ ಸಮ. ಒಂದು ಘನ ಸೆಂಟಿಮೀಟರ್ ನೀರು ಒಂದು ಗ್ರಾಂ ಆಗಿರುವುದರಿಂದ ಲೆಕ್ಕ ಸುಲಭ.

ಕಲ್ಲು 216 ಗ್ರಾಂ ಇದ್ದು, ಮುಳುಗಿಸಿದಾಗ ತಕ್ಕಡಿ 80 ತೋರಿಸಿದರೆ ಸಾಂದ್ರತೆ 2.7. ಹೊಳೆಯ ಗಟ್ಟಿ ಕಲ್ಲುಗಳಿಗೆ ಸಾಮಾನ್ಯವಾಗಿ ಇದರ ಆಸುಪಾಸಿನ ಸಂಖ್ಯೆ ಬರುತ್ತದೆ. ಕಲ್ಲಿಗೆ ಅಂಟಿದ ಗಾಳಿಗುಳ್ಳೆಗಳನ್ನು ಬೆರಳಿನಿಂದ ಸವರಿ ತೆಗೆಯಲು ಮರೆಯಬೇಡಿ.

ಪ್ರಶ್ನೆ: ಹಾಗೆ ಅಳೆದಾಗ ಸಣ್ಣ ಕಲ್ಲಿಗೆ ಒಂದು ಉತ್ತರ, ದೊಡ್ಡ ಕಲ್ಲಿಗೆ ಇನ್ನೊಂದು ಉತ್ತರ ಬಂತು. ಏಕೆ?

ಒಂದೇ ಬಂಡೆಯಿಂದ ಒಡೆದ ಚೂರುಗಳಾಗಿದ್ದರೂ ಹೀಗಾಗುತ್ತದೆ. ಕಾರಣ ಕಲ್ಲಿನಲ್ಲಿಲ್ಲ, ತಕ್ಕಡಿಯಲ್ಲಿದೆ. ಒಂದು ಗ್ರಾಂಗಿಂತ ಕಡಿಮೆಯನ್ನು ತೋರಿಸದ ತಕ್ಕಡಿಯಲ್ಲಿ 3 ಎಂದು ಕಂಡದ್ದು ನಿಜಕ್ಕೂ 2.5 ಆಗಿರಬಹುದು, 3.5ರ ಹತ್ತಿರವೂ ಆಗಿರಬಹುದು. 8 ಗ್ರಾಂ ಕಲ್ಲಿಗೆ ಇದರಿಂದ ಸಾಂದ್ರತೆ 2.3ರಿಂದ 3.2ರವರೆಗೆ ಎಲ್ಲಿ ಬೇಕಾದರೂ ಬಂದು ನಿಲ್ಲುತ್ತದೆ. 216 ಗ್ರಾಂ ಕಲ್ಲಿಗೆ ಅದೇ ಅರ್ಧ ಗ್ರಾಂ ವ್ಯತ್ಯಾಸ ಉತ್ತರವನ್ನು ಅಲುಗಿಸುವುದೇ ಇಲ್ಲ. ವಿಜ್ಞಾನ ಮೇಳಗಳಲ್ಲಿ "ಸಣ್ಣ ತುಂಡಿನ ಸಾಂದ್ರತೆ ಹೆಚ್ಚು" ಎಂಬ ತೀರ್ಮಾನ ಬರೆದ ಚಾರ್ಟ್ ಕಂಡರೆ ನಾನು ಮೊದಲು ಕೇಳುವುದು ತಕ್ಕಡಿಯ ಕನಿಷ್ಠ ಅಳತೆ ಎಷ್ಟು ಎಂದು. ಉಪಾಯ ಸರಳ: ಅದೇ ಬಂಡೆಯ ಇಪ್ಪತ್ತು ಸಣ್ಣ ಚೂರುಗಳನ್ನು ಒಟ್ಟಿಗೆ ದಾರದ ಬಲೆಯಲ್ಲಿ ಕಟ್ಟಿ ಅಳೆಯಿರಿ.

ಪ್ರಶ್ನೆ: ಕಬ್ಬಿಣದ ತುಂಡು ಮುಳುಗುತ್ತದೆ, ಕಬ್ಬಿಣದ ದೋಣಿ ತೇಲುತ್ತದೆ. ಆಕಾರ ಸಾಂದ್ರತೆಯನ್ನು ಬದಲಿಸಿದಂತಾಯಿತಲ್ಲ?

ದೋಣಿಯ ಸರಾಸರಿ ಸಾಂದ್ರತೆಯನ್ನು ಬದಲಿಸಿತು, ಕಬ್ಬಿಣದ ಸಾಂದ್ರತೆಯನ್ನಲ್ಲ. ತಗಡನ್ನು ಬಾಗಿಸಿ ಬಟ್ಟಲಿನಂತೆ ಮಾಡಿದಾಗ ಅದು ತನ್ನೊಳಗೆ ಗಾಳಿಗೆ ಜಾಗ ಕೊಡುತ್ತದೆ. ತೇಲುವಿಕೆಗೆ ಮುಖ್ಯವಾದದ್ದು ಕಬ್ಬಿಣ ಮತ್ತು ಆ ಗಾಳಿ ಸೇರಿದ ಒಟ್ಟು ಘನಫಲ. ಈ ಸರಾಸರಿ ನೀರಿಗಿಂತ ಕಡಿಮೆಯಾದರೆ ದೋಣಿ ತೇಲುತ್ತದೆ, ಒಳಗೆ ನೀರು ತುಂಬಿದರೆ ಮುಳುಗುತ್ತದೆ. ದುಬಾರೆಯಲ್ಲಿ ಕಾವೇರಿಯ ಮೇಲೆ ಓಡುವ ರ‍್ಯಾಫ್ಟ್‌ಗೂ ಇದೇ ನಿಯಮ.

ಪ್ರಶ್ನೆ: ಮೆಣಸಿನ ವ್ಯಾಪಾರಿಗಳು ಕೇಳುವ ಲೀಟರ್ ತೂಕವೂ ಸಾಂದ್ರತೆಯೇ ತಾನೇ? ಅಲ್ಲಿ ಕಾಳಿನ ಆಕಾರ, ಗಾತ್ರ ಲೆಕ್ಕಕ್ಕೆ ಬರುವುದಿಲ್ಲವೇ?

ಬರುತ್ತದೆ. ಒಂದು ಲೀಟರ್ ಅಳತೆಪಾತ್ರೆಗೆ ಕಾಳುಮೆಣಸು ತುಂಬಿ, ಮೇಲೆ ಸಮ ಮಾಡಿ ತೂಗಿದಾಗ 500 ಗ್ರಾಂ ಬಂತೋ 550 ಗ್ರಾಂ ಬಂತೋ ಎಂಬುದರ ಮೇಲೆ ಮಾಲಿನ ದರ್ಜೆ ನಿಲ್ಲುತ್ತದೆ. ಆದರೆ ಆ ಒಂದು ಲೀಟರ್‌ನಲ್ಲಿ ಕಾಳಷ್ಟೇ ಇಲ್ಲ, ಕಾಳುಗಳ ನಡುವಿನ ಗಾಳಿಯೂ ಇದೆ. ಇದು ರಾಶಿಯ ಸಾಂದ್ರತೆ. ಕಾಳಿನ ಸಾಂದ್ರತೆ ಬೇರೆ, ಕಾಳಿನ ರಾಶಿಯ ಸಾಂದ್ರತೆ ಬೇರೆ ಎಂಬುದನ್ನು ಒಮ್ಮೆ ಬೇರ್ಪಡಿಸಿಕೊಂಡರೆ ಅರ್ಧ ಗೊಂದಲ ತೀರಿತು.

ರಾಶಿಯಲ್ಲಿ ಗಾಳಿಯ ಪಾಲು ಎಷ್ಟು? ಒಂದೇ ಅಳತೆಯ ನುಣುಪಾದ ಗುಂಡುಗಳನ್ನು ಪಾತ್ರೆಗೆ ಸುರಿದು ಚೆನ್ನಾಗಿ ಕುಲುಕಿದರೆ ಅವು ತುಂಬುವುದು ಪಾತ್ರೆಯ ಶೇಕಡಾ 64ರಷ್ಟನ್ನು ಮಾತ್ರ, ಉಳಿದದ್ದು ಸಂದು. ಒಂದೊಂದಾಗಿ ಅಚ್ಚುಕಟ್ಟಾಗಿ ಜೋಡಿಸಿದರೂ ಶೇಕಡಾ 74ರ ಆಚೆ ಹೋಗಲು ಸಾಧ್ಯವಿಲ್ಲ. ಇದರಲ್ಲಿ ಒಂದು ಬೆರಗಿನ ಸಂಗತಿಯಿದೆ: ಗುಂಡುಗಳು ಸಾಸಿವೆಯಷ್ಟಿದ್ದರೂ ಗೋಲಿಯಷ್ಟಿದ್ದರೂ, ಪಾತ್ರೆ ಸಾಕಷ್ಟು ದೊಡ್ಡದಾಗಿದ್ದರೆ, ಈ ಪ್ರಮಾಣ ಒಂದೇ. ರಾಶಿಯಲ್ಲೂ ಬರೀ ಗಾತ್ರ ಏನನ್ನೂ ಬದಲಿಸದು. ಬದಲಿಸುವುದು ಆಕಾರ ಮತ್ತು ಮಿಶ್ರಣ. ದೊಡ್ಡ ಕಾಳಿನ ಜೊತೆ ಸಣ್ಣ ಕಾಳು ಬೆರೆತರೆ ಸಣ್ಣವು ಸಂದಿಗೆ ಇಳಿದು ಲೀಟರ್ ತೂಕ ಏರುತ್ತದೆ. ಸುಕ್ಕುಗಟ್ಟಿದ, ಉರುಟಲ್ಲದ ಕಾಳುಗಳು ಒಂದಕ್ಕೊಂದು ತಡೆದು ನಿಂತು ಸಂದು ಹೆಚ್ಚಿಸುತ್ತವೆ.

ಹಾಗಿದ್ದೂ ಲೀಟರ್ ತೂಕ ಉಪಯೋಗದ ಅಳತೆ, ಏಕೆಂದರೆ ಸಂದಿಗಿಂತ ಹೆಚ್ಚಾಗಿ ಅದು ತೋರಿಸುವುದು ಕಾಳಿನ ಒಳಗನ್ನು. ಬಲಿಯದ ಕಾಳು ಒಣಗಿದಾಗ ಒಳಗೆ ಪೊಳ್ಳಾಗಿ ಜೊಳ್ಳಾಗುತ್ತದೆ. ಹೊರಗಿನಿಂದ ಗಟ್ಟಿ ಕಾಳಿನಷ್ಟೇ ಕಂಡರೂ ತೂಗುವುದಿಲ್ಲ. ತೂರಿ ಜೊಳ್ಳು ತೆಗೆದರೆ ಲೀಟರ್ ತೂಕ ಏರುವುದು ಇದರಿಂದ. ಅಳೆಯುವಾಗ ಪಾತ್ರೆಯನ್ನು ಒಮ್ಮೆ ಕುಲುಕಿ ಇನ್ನೊಮ್ಮೆ ಕುಲುಕದೆ ಬಿಟ್ಟರೆ ಒಂದೇ ಮಾಲಿಗೆ ಎರಡು ತೂಕ ಬರುತ್ತದೆ. ಮಾರುವವರು ಇದನ್ನು ಕಣ್ಣಿಟ್ಟು ನೋಡಬೇಕು.

ಪ್ರಶ್ನೆ: ಜಲ್ಲಿ, ಮರಳಿನ ಲೋಡಿಗೂ ಇದೇ ಅನ್ವಯಿಸುತ್ತದೆಯೇ?

ಹೌದು. ಒಂದು ಘನ ಮೀಟರ್ ಗಟ್ಟಿ ಬಂಡೆ ಸುಮಾರು 2,700 ಕಿಲೋ. ಅದನ್ನೇ ಒಡೆದು ಜಲ್ಲಿ ಮಾಡಿ ಲಾರಿಗೆ ತುಂಬಿದರೆ ಒಂದು ಘನ ಮೀಟರ್ ಜಾಗದಲ್ಲಿ ಹಿಡಿಯುವುದು ಸುಮಾರು 1,500 ಕಿಲೋ. ಕಲ್ಲು ಹಗುರವಾಗಲಿಲ್ಲ, ಸಂದುಗಳಾದವು.

ಮರಳಿನದು ಇನ್ನೂ ಸ್ವಾರಸ್ಯ. ಮಳೆಗಾಲದಲ್ಲಿ ಸ್ವಲ್ಪ ತೇವವಾದ ಮರಳಿನ ಕಣಗಳ ಸುತ್ತ ನೀರಿನ ತೆಳು ಪೊರೆ ಕಟ್ಟಿ, ಅವು ಒಂದನ್ನೊಂದು ದೂರ ಹಿಡಿದು ನಿಲ್ಲುತ್ತವೆ. ತೂಕದಲ್ಲಿ ಶೇಕಡಾ ಐದರಷ್ಟು ನೀರಿದ್ದರೆ ಸಾಕು, ರಾಶಿ ಶೇಕಡಾ 20–30ರಷ್ಟು ಉಬ್ಬಬಹುದು. ಮರಳು ಪೂರ್ತಿ ನೀರಲ್ಲಿ ಮುಳುಗಿದರೆ ಪೊರೆ ಹೋಗಿ ರಾಶಿ ಮತ್ತೆ ಒಣ ಮರಳಿನಷ್ಟಕ್ಕೇ ಇಳಿಯುತ್ತದೆ. ಮನೆ ಕಟ್ಟಿಸುವವರು ಅಡಿ ಲೆಕ್ಕದಲ್ಲಿ ತೇವದ ಮರಳು ಕೊಂಡರೆ ಗಾಳಿಗೂ ಹಣ ಕೊಟ್ಟಂತೆ. ಒಂದು ಬಕೆಟ್‌ನಲ್ಲಿ ಸ್ವಲ್ಪ ಮರಳು ತೆಗೆದುಕೊಂಡು ನೀರು ಸುರಿದು, ಎಷ್ಟು ಕುಸಿಯಿತು ಎಂದು ನೋಡಿದರೆ ಅಲ್ಲೇ ತಿಳಿಯುತ್ತದೆ.

ಪ್ರಶ್ನೆ: ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು) ಮಾಡುವಾಗ ನೀರಿನ ತೊಟ್ಟಿಯಲ್ಲಿ ನೋಡಲು ಒಂದೇ ರೀತಿ ಇರುವ ಕಾಫಿ ಹಣ್ಣುಗಳಲ್ಲಿ ಕೆಲವು ತೇಲುತ್ತವೆ, ಕೆಲವು ಮುಳುಗುತ್ತವೆ. ಆಕಾರ ಗಾತ್ರ ಒಂದೇ ಇದ್ದರೂ ಹೀಗೇಕೆ?

ಹೊರಗಿನ ಆಕಾರ, ಗಾತ್ರ ಒಂದೇ ಎಂಬ ಮಾತ್ರಕ್ಕೆ ಸಾಂದ್ರತೆ ಒಂದಾಗಬೇಕಿಲ್ಲ. ಒಳಗೆ ಬೀಜ ಬೆಳೆಯದೆ ಪೊಳ್ಳಾಗಿರುವ ಹಣ್ಣು, ಕಾಯಿಕೊರಕ ತೂತು ಮಾಡಿ ತಿಂದ ಹಣ್ಣು, ಗಿಡದಲ್ಲೇ ಒಣಗಿದ ಹಣ್ಣು ತೇಲುತ್ತವೆ. ತೊಟ್ಟಿಯ ನೀರು ನಿಮಗಾಗಿ ಮಾಡುತ್ತಿರುವುದು ಸಾಂದ್ರತೆಯ ಪರೀಕ್ಷೆ. ಬಿತ್ತನೆ ಭತ್ತವನ್ನು ಉಪ್ಪುನೀರಿಗೆ ಹಾಕಿ ಜೊಳ್ಳು ತೆಗೆಯುವುದೂ ಇದೇ. ಉಪ್ಪು ನೀರಿನ ಸಾಂದ್ರತೆಯನ್ನು ಏರಿಸುವುದರಿಂದ ಅರೆಬರೆ ತುಂಬಿದ ಕಾಳೂ ಮೇಲೆ ಬರುತ್ತದೆ. ಮಕ್ಕಳಿಗೆ ತೋರಿಸಲು ಕೊಡಗಿನ ಕಿತ್ತಳೆ ಒಳ್ಳೆಯದು: ಸಿಪ್ಪೆ ಸಡಿಲ, ಒಳಗೆ ಗಾಳಿ, ಹಾಗಾಗಿ ಇಡೀ ಹಣ್ಣು ತೇಲುತ್ತದೆ. ಬಿಡಿಸಿದ ತೊಳೆಗಳು ಸಾಮಾನ್ಯವಾಗಿ ಮುಳುಗುತ್ತವೆ.

ಪ್ರಶ್ನೆ: ಒಂದೇ ಮರದ ಎರಡು ತುಂಡುಗಳ ಸಾಂದ್ರತೆ ಬೇರೆ ಬಂತು. ನಿಯಮ ಸುಳ್ಳಾಯಿತೇ?

ನಿಯಮ ಹೇಳುವುದು ಎಲ್ಲ ಕಡೆ ಒಂದೇ ತೆರನಾಗಿರುವ ಪದಾರ್ಥದ ಬಗ್ಗೆ. ಮರ ಹಾಗಿಲ್ಲ. ಒಳಗಿನ ಚೇಗು ಒಂದು ರೀತಿ, ಹೊರಗಿನ ಬಿಳಿಭಾಗ ಇನ್ನೊಂದು ರೀತಿ, ಗಂಟು ಮೂರನೆಯ ರೀತಿ. ತೇವಾಂಶವಂತೂ ದಿನದಿಂದ ದಿನಕ್ಕೆ ಬದಲಾಗುತ್ತದೆ. ಈಗ ತಾನೇ ಕಡಿದ ಸಿಲ್ವರ್ ಓಕ್ ದಿಮ್ಮಿಗೂ ಆರು ತಿಂಗಳು ಒಣಗಿದ ಹಲಗೆಗೂ ಹೋಲಿಕೆಯೇ ಇಲ್ಲ. ಚೆನ್ನಾಗಿ ಒಣಗಿದ ತೇಗ ಸುಮಾರು 0.65, ಬೀಟೆ ಸುಮಾರು 0.85 ಎಂದು ಹೇಳುವುದು ಸರಾಸರಿ ಲೆಕ್ಕದಲ್ಲಿ.

ನನಗೆ ಅತ್ಯಂತ ಇಷ್ಟದ ಸಂಗತಿ ಇನ್ನೊಂದಿದೆ. ತೇಗವಿರಲಿ, ಬೀಟೆಯಿರಲಿ, ಹಗುರ ಬೂರುಗವಿರಲಿ, ಮರದ ಕೋಶಗಳ ಗೋಡೆಯ ಸಾಂದ್ರತೆ ಮಾತ್ರ ಹೆಚ್ಚುಕಡಿಮೆ ಒಂದೇ: ಸುಮಾರು 1.5. ಅಂದರೆ ಮರದ ನಿಜವಾದ ಪದಾರ್ಥ ನೀರಿನಲ್ಲಿ ಮುಳುಗುವಂಥದ್ದು. ಮರ ತೇಲುವುದು ಕೋಶಗಳೊಳಗಿನ ಗಾಳಿಯಿಂದ. ಮರಮರಕ್ಕೆ ವ್ಯತ್ಯಾಸ ಬರುವುದು ಗೋಡೆ ದಪ್ಪವೋ ತೆಳುವೋ ಎಂಬುದರಿಂದ. ಸಾಮಿಲ್‌ನಿಂದ ಒಂದು ಹಿಡಿ ನಯವಾದ ಹೊಟ್ಟು ತಂದು ನೀರಿನಲ್ಲಿ ಚೆನ್ನಾಗಿ ಕುದಿಸಿ, ಆರಲು ಬಿಡಿ. ಮೊದಲು ಮೇಲೆ ಹರಡಿಕೊಂಡಿದ್ದ ಹೊಟ್ಟು ಗಾಳಿ ಕಳೆದುಕೊಂಡು ನೀರು ಹೀರಿ, ಚೂರು ಚೂರಾಗಿ ಕೆಳಗಿಳಿದು ತಳದಲ್ಲಿ ಕಂದು ಪದರವಾಗಿ ಕೂರುತ್ತದೆ.

ಆದ್ದರಿಂದ ಮರ, ಇಟ್ಟಿಗೆ, ಜಂಬಿಟ್ಟಿಗೆಯಂಥ ರಂಧ್ರಗಳಿರುವ ವಸ್ತುಗಳನ್ನು ಪುಡಿ ಮಾಡಿ ಅಳೆದರೆ ಸಾಂದ್ರತೆ ಹೆಚ್ಚು ಬರುವುದು ನಿಜ. ಪುಡಿಯಾದಾಗ ಮುಚ್ಚಿದ ರಂಧ್ರಗಳು ಬಾಯಿ ತೆರೆದು ಗಾಳಿ ಹೊರಬರುತ್ತದೆ. ಅಂಥ ವಸ್ತುವಿಗೆ ಸಾಂದ್ರತೆ ಹೇಳುವಾಗ ರಂಧ್ರ ಸೇರಿಸಿಯೋ ಬಿಟ್ಟೋ ಎಂದು ಜೊತೆಗೆ ಹೇಳಲೇಬೇಕು.

ಪ್ರಶ್ನೆ: ಕುಲುಮೆಯಲ್ಲಿ ಕಾಯಿಸಿ ಬಡಿದು ಕತ್ತಿ ಮಾಡಿದಾಗ ಕಬ್ಬಿಣ ಒತ್ತಾಗಿ ಸಾಂದ್ರತೆ ಹೆಚ್ಚುವುದಿಲ್ಲವೇ?

ಬಡಿದಾಗ ಕಬ್ಬಿಣ ಒಂದು ದಿಕ್ಕಿನಲ್ಲಿ ತೆಳುವಾಗುತ್ತದೆ, ಇನ್ನೊಂದು ದಿಕ್ಕಿನಲ್ಲಿ ಉದ್ದವಾಗುತ್ತದೆ. ಘನಫಲ ಅಷ್ಟೇ ಉಳಿಯುತ್ತದೆ. ಕೊಡವರ ಪೀಚೆಕತ್ತಿಯ ಅಲಗು ಗಟ್ಟಿಯಾಗುವುದು ಉಕ್ಕಿನ ಒಳರಚನೆ ಬದಲಾಗುವುದರಿಂದ. ಗಡಸುತನ ಮತ್ತು ಸಾಂದ್ರತೆ ಬೇರೆ ಬೇರೆ ಗುಣಗಳು. ಸೀಸ ಉಕ್ಕಿಗಿಂತ ಸಾಂದ್ರ, ಆದರೆ ಉಗುರಿನಿಂದ ಗೀರಬಹುದು.

ಪ್ರಶ್ನೆ: ಮಡಿಕೇರಿಯ ಎತ್ತರ, ಚಳಿ ಸಾಂದ್ರತೆಯನ್ನು ಬದಲಿಸುತ್ತವೆಯೇ?

ಗಾಳಿಯದನ್ನು ಬದಲಿಸುತ್ತವೆ. ಸಮುದ್ರಮಟ್ಟದಿಂದ ಸುಮಾರು 1,150 ಮೀಟರ್ ಎತ್ತರದ ಮಡಿಕೇರಿಯಲ್ಲಿ ಗಾಳಿಯ ಸಾಂದ್ರತೆ ಮಂಗಳೂರಿನ ಕಡಲತೀರಕ್ಕಿಂತ ಶೇಕಡಾ ಹತ್ತರಷ್ಟು ಕಡಿಮೆ. ಕಲ್ಲು, ಲೋಹಗಳಿಗೆ ಈ ಎತ್ತರ ಏನೂ ಅಲ್ಲ.

ಉಷ್ಣತೆಯ ಪರಿಣಾಮ ಎಲ್ಲದರ ಮೇಲೂ ಇದೆ, ಆದರೆ ಘನವಸ್ತುಗಳಲ್ಲಿ ಅಲ್ಪ: ಕಬ್ಬಿಣವನ್ನು 100 ಡಿಗ್ರಿ ಹೆಚ್ಚು ಕಾಯಿಸಿದರೂ ಸಾಂದ್ರತೆ ಇಳಿಯುವುದು ಶೇಕಡಾ 0.4ಕ್ಕಿಂತ ಕಡಿಮೆ. ಚಳಿಗಾಲದಲ್ಲಿ ತೆಂಗಿನೆಣ್ಣೆಯ ಬಾಟಲಿಯನ್ನು ಗಮನಿಸಿ. 24 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಅದು ಹೆಪ್ಪುಗಟ್ಟುತ್ತದೆ, ಹೆಪ್ಪುಗಟ್ಟಿದ ಭಾಗ ತಳಕ್ಕೆ ಇಳಿಯುತ್ತದೆ. ನೀರಿನದು ತದ್ವಿರುದ್ಧ: 4 ಡಿಗ್ರಿಯಲ್ಲಿ ಅತಿ ಸಾಂದ್ರವಾಗಿರುವ ನೀರು ಮಂಜುಗಡ್ಡೆಯಾದಾಗ 0.917ಕ್ಕೆ ಇಳಿದು ತೇಲುತ್ತದೆ.

ಪ್ರಶ್ನೆ: ಗಾತ್ರವೇ ಸಾಂದ್ರತೆಯನ್ನು ಬದಲಿಸುವ ಸಂದರ್ಭ ಎಲ್ಲೂ ಇಲ್ಲವೇ?

ಎರಡು ತುದಿಗಳಲ್ಲಿ ಇದೆ. ಕೆಲವೇ ನ್ಯಾನೋಮೀಟರ್ ಅಳತೆಯ ಚಿನ್ನದ ಕಣದಲ್ಲಿ ಪರಮಾಣುಗಳ ದೊಡ್ಡ ಪಾಲು ಮೇಲ್ಮೈಯಲ್ಲೇ ಇರುತ್ತದೆ. ಅವುಗಳಿಗೆ ಹೊರಗಡೆ ನೆರೆಯವರಿಲ್ಲದ್ದರಿಂದ ಪರಮಾಣುಗಳ ನಡುವಿನ ಅಂತರ ತುಸು ಕುಗ್ಗುತ್ತದೆ.

ಇನ್ನೊಂದು ತುದಿ ಭೂಮಿಯದು. ಹೆನ್ರಿ ಕ್ಯಾವೆಂಡಿಷ್ 1798ರಲ್ಲಿ ಸೀಸದ ಗುಂಡುಗಳ ನಡುವಿನ ಆಕರ್ಷಣೆಯನ್ನು ಅಳೆದು, ಭೂಮಿಯ ಸರಾಸರಿ ಸಾಂದ್ರತೆ ನೀರಿನ ಐದೂವರೆ ಪಟ್ಟಿನ ಆಸುಪಾಸು ಎಂದು ತೋರಿಸಿದರು. ಇಂದಿನ ಲೆಕ್ಕ 5.51. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ ಏರಿ ಕಾಲಕೆಳಗಿನ ಬಂಡೆ ಅಳೆದರೆ ಸುಮಾರು 2.7 ಸಿಗುತ್ತದೆ, ಉಳಿದ ಭಾರ ಆಳದಲ್ಲಿರುವ ಹೆಚ್ಚು ಸಾಂದ್ರವಾದ ಬಂಡೆ ಮತ್ತು ಕಬ್ಬಿಣದ ಗರ್ಭದ್ದು. ಗರ್ಭದ ನಡುವಿನ ಒತ್ತಡ ವಾಯುಮಂಡಲದ ಒತ್ತಡದ ಮೂವತ್ತು ಲಕ್ಷ ಪಟ್ಟಿಗೂ ಹೆಚ್ಚು, ಅದರಡಿ ಲೋಹದ ಸಾಂದ್ರತೆ ಸುಮಾರು 13ಕ್ಕೆ ಏರಿದೆ. ವಸ್ತು ತನ್ನ ತೂಕದಿಂದಲೇ ತನ್ನನ್ನು ಹಿಂಡಿಕೊಳ್ಳುವಷ್ಟು ದೊಡ್ಡದಾದಾಗ ಗಾತ್ರಕ್ಕೆ ಮಾತು ಬರುತ್ತದೆ. ಬೆಟ್ಟದಷ್ಟು ದೊಡ್ಡದೂ ಇದಕ್ಕೆ ಸಾಲದು.

ಪ್ರಶ್ನೆ: ಚಿನ್ನದ ಸರವನ್ನು ಹೀಗೆ ನೀರಿನಲ್ಲಿ ಮುಳುಗಿಸಿ ಪರೀಕ್ಷಿಸಬಹುದೇ?

ಒಳಗೆ ಗಟ್ಟಿಯಿರುವ, ಕಲ್ಲು ಕೂರಿಸದ ಒಡವೆಯನ್ನು ಪರೀಕ್ಷಿಸಬಹುದು. ಆಕಾರ ಎಷ್ಟೇ ಕುಸುರಿಯದಾದರೂ ಅಡ್ಡಿಯಿಲ್ಲ. 22 ಕ್ಯಾರೆಟ್‌ನಲ್ಲಿ ಶೇಕಡಾ 91.6 ಚಿನ್ನ; ಬೆರೆಸಿದ್ದು ತಾಮ್ರವೋ ಬೆಳ್ಳಿಯೋ ಎಂಬುದರ ಮೇಲೆ ಸಾಂದ್ರತೆ 17.6ರಿಂದ 18ರ ನಡುವೆ ಬರಬೇಕು. 20 ಗ್ರಾಂ ಸರದ ಘನಫಲ ಒಂದು ಘನ ಸೆಂಟಿಮೀಟರ್‌ಗಿಂತ ಸ್ವಲ್ಪವೇ ಹೆಚ್ಚು, ಆದ್ದರಿಂದ ಅಡುಗೆಮನೆಯ ತಕ್ಕಡಿ ಸಾಲದು, 0.01 ಗ್ರಾಂ ತೋರಿಸುವುದು ಬೇಕು.

ಜೋಮಾಲೆಯಂತೆ ಅರಗು ತುಂಬಿದ ಗುಂಡುಗಳ ಸರಕ್ಕೆ ಈ ಪರೀಕ್ಷೆ ಹೊಂದುವುದಿಲ್ಲ. ಅರಗು ಹಗುರ, ಸರಾಸರಿ ಬಹಳ ಕೆಳಗೆ ಬರುತ್ತದೆ. ಅಪ್ಪಟ ಚಿನ್ನವನ್ನೇ ಸುಮ್ಮನೆ ಅನುಮಾನಿಸಿದಂತಾಗುತ್ತದೆ. ಜೊತೆಗೆ, ಸಂಖ್ಯೆ ಸರಿಯಾಗಿ ಬಂದ ಮಾತ್ರಕ್ಕೆ ಚಿನ್ನವೆಂದು ಖಚಿತಪಡಿಸಿಕೊಳ್ಳಬೇಡಿ. ಟಂಗ್‌ಸ್ಟನ್‌ನ ಸಾಂದ್ರತೆ 19.25, ಅಪ್ಪಟ ಚಿನ್ನದ್ದು 19.3. ಈ ಎರಡನ್ನು ನೀರು ಬೇರ್ಪಡಿಸಿ ಹೇಳಲಾರದು, ಹಾಲ್‌ಮಾರ್ಕಿಂಗ್ ಕೇಂದ್ರದ ಪರೀಕ್ಷೆಯೇ ಬೇಕು.